ಇಂದ್ರಮ್ಮನ ಮುಯ್ಯಿ

ಮಧುಗಿರಿ ಬೆಟ್ಟದ ಬುಡದ ಆ ಓಣಿಯಲ್ಲಿ ಇಂದ್ರಮ್ಮನ ಹೆಸರೆತ್ತಿದರೆ ಜನ ಮೊದಲು ನಗುತ್ತಿದ್ದರು. ಆಮೇಲೆ ತಮ್ಮ ತಮ್ಮ ಸೊಸೆಯರಿಗೆ ಅವಳನ್ನೇ ತೋರಿಸಿ ಬುದ್ಧಿ ಹೇಳುತ್ತಿದ್ದರು. ಬಟ್ಟೆ ಸೋಪಿನ ಉದ್ದನೆಯ ಬಾರನ್ನು ಅವಳು ಚಾಕುವಿನಿಂದ ಕತ್ತರಿಸುತ್ತಿರಲಿಲ್ಲ, ಪುಡಿ ಉದುರಿ ದಂಡವಾಗುತ್ತದೆಂದು ದಾರ ಸುತ್ತಿ ಎಳೆಯುತ್ತಿದ್ದಳು. ಊರಿನವರೆಲ್ಲ ಸಂತೆಗೆ ಬೆಳಿಗ್ಗೆ ಹೋದರೆ ಅವಳು ಹೊರಡುವುದು ಹೊತ್ತು ಇಳಿದ ಮೇಲೆ, ಮಾರುವವರು ಗೋಣಿ ಕೊಡವುವ ಸಮಯಕ್ಕೆ. ಉಳಿದ ಬದನೆಕಾಯಿಯನ್ನು ಮತ್ತೆ ಊರಿಗೆ ಹೊರಲಾರದವರು ಸಿಕ್ಕಿದ ಬೆಲೆಗೆ ಸುರಿದು ಕೊಟ್ಟರೂ ಅವಳು ಏಳುತ್ತಿರಲಿಲ್ಲ. ಅದರ ಮೇಲೊಂದು ಹಿಡಿ ಹಸಿಮೆಣಸಿನಕಾಯಿ ಹಾಕಿಸಿಕೊಂಡೇ ಏಳುವುದು. ಒಲೆಗೆ ಸೌದೆ ಕೊಳ್ಳುವ ಮಾತೇ ಇರಲಿಲ್ಲ. ಗಂಡ ಪರ್ವತಯ್ಯ ಎಣ್ಣೆ ಮಿಲ್ಲಿನಲ್ಲಿ ತೂಕದ ಗುಮಾಸ್ತ, ಅಲ್ಲಿಂದ ಕಡಲೆಕಾಯಿ ಸಿಪ್ಪೆ ಚೀಲಗಟ್ಟಲೆ ಬರುತ್ತಿತ್ತು. ಬೆಂಕಿಕಡ್ಡಿಗೂ ಖರ್ಚಿಲ್ಲ. ಪಕ್ಕದ ಮನೆ ಓಬಳಮ್ಮನ ಒಲೆಯಿಂದ ದಿನಾ ಒಂದು ಚಿಪ್ಪು ಕೆಂಡ ಬರುತ್ತಿತ್ತು.

ಕೆಂಡ ತರಲು ಹೋಗುತ್ತಿದ್ದವಳು ಕಿರಿಯ ಮಗಳು ಸಿದ್ದಗಂಗಮ್ಮ, ಎಲ್ಲರ ಬಾಯಲ್ಲಿ ಗಂಗಿ.

"ನಿಮ್ಮವ್ವ ಸತ್ತಾಗ ಯಮನ ಹತ್ರಾನೂ ಚೌಕಾಸಿ ಮಾಡ್ತಾಳೆ ಕಣೆ ಗಂಗಿ," ಎನ್ನುವಳು ಓಬಳಮ್ಮ, ಇಕ್ಕಳದಲ್ಲಿ ಕೆಂಡ ಎತ್ತಿ ಹಾಕುತ್ತ. "ಕ್ವಾಣದ ಬಾಡಿಗೆ ಯಾಕೆ ದಂಡ, ನಡ್ಕಂಡೇ ಬತ್ತೀನಿ ನಡೀರಿ ಅಂತಾಳೆ."

ಗಂಗಿ ನೆಲ ನೋಡಿಕೊಂಡು ನಗುವಳು. ಮಾತು ಅವಳ ಬಾಯಿಗೆ ಬೇಗ ಬರುತ್ತಿರಲಿಲ್ಲ. ಓಬಳಮ್ಮ ಕೊಡುವ ಕೆಂಡದಲ್ಲಿ ಅರ್ಧ ಬೂದಿ ಇರುವುದು, ಹಾಗೆ ಕೊಟ್ಟ ದಿನ ಅವಳ ನಗೆಚಾಟಿಕೆ ಜಾಸ್ತಿಯಾಗುವುದು, ಇಂಥವೆಲ್ಲ ಅವಳ ಕಣ್ಣಿಗೆ ಬೀಳುತ್ತಿದ್ದವು.

ಇಷ್ಟೆಲ್ಲ ಹಿಂಡಿ ಹಿಡಿದ ದುಡ್ಡು ಎಲ್ಲಿಗೆ ಹೋಗುತ್ತದೆ ಎಂದು ಓಣಿಯವರಿಗೆ ಗೊತ್ತಿತ್ತು. ಮುಯ್ಯಿಗೆ ಹೋಗುತ್ತಿತ್ತು. ಪರ್ವತಯ್ಯ ಒಂದನೇ ತಾರೀಕು ನೂರ ಅರವತ್ತು ರೂಪಾಯಿ ಸಂಬಳ ತಂದು ಹೆಂಡತಿಯ ಕೈಗೆ ಹಾಕಿ, ಎಲೆ ಅಡಿಕೆಗೆಂದು ಐದು ರೂಪಾಯಿ ಬೇಡಿ ಪಡೆದುಕೊಂಡು ಹಿಂದಕ್ಕೆ ಸರಿಯುತ್ತಿದ್ದ. ಇಂದ್ರಮ್ಮ ಮನೆ ಬಾಡಿಗೆಗಿಂತ ಮೊದಲು, ರಾಗಿಗಿಂತ ಮೊದಲು, ಆ ತಿಂಗಳು ಯಾರ ಯಾರ ಮನೆ ಮದುವೆ ಎಂದು ಕೇಳಿ ಅದರ ದುಡ್ಡು ಎತ್ತಿಡುತ್ತಿದ್ದಳು.

ಮದುವೆಗೆ ಹೋದವರು ಧಾರೆ ಮುಗಿದ ಮೇಲೆ ತಟ್ಟೆಗೆ ಹಾಕಿ ಹೆಸರು ಬರೆಸುವ ದುಡ್ಡೇ ಮುಯ್ಯಿ. ಹಾಕಿದವರ ಮನೆಯಲ್ಲಿ ಮದುವೆಯಾದಾಗ ಹಾಕಿಸಿಕೊಂಡವರು ಅದನ್ನು ತಿರುಗಿಸಬೇಕು. ಐದು ಬಂದಿದ್ದರೆ ಐದನ್ನೇ ತಿರುಗಿಸುವ ಹಾಗಿಲ್ಲ, ಆರಾದರೂ ಹಾಕಬೇಕು. ಸರಿಗೆ ಸರಿ ಹಾಕಿದರೆ ನಿಮ್ಮ ಸಹವಾಸ ಇಲ್ಲಿಗೆ ಸಾಕು ಎಂದು ಹೇಳಿದಂತೆ. ಓದುಬರಹ ಬಾರದ ಇಂದ್ರಮ್ಮನಿಗೆ ಈ ಕಟ್ಟಳೆ ಚೆನ್ನಾಗಿ ಹಿಡಿಸಿತ್ತು. ಪೋಸ್ಟಾಫೀಸಿನಲ್ಲಿಟ್ಟರೆ ಗಂಡ ರುಜು ಹಾಕಿ ತೆಗೆಯಬಹುದು, ಮೈದುನ ಬಂದು ಕೈಗಡ ಕೇಳಬಹುದು, ಒಡವೆ ಮಾಡಿಸಿದರೆ ಅಡವಿಡಬಹುದು. ಮುಯ್ಯಿಗೆ ಹಾಕಿದ್ದನ್ನು ಯಾವ ಗಂಡಸೂ ಮುಟ್ಟಲಾರ. ಊರಿನವರ ಮನೆಗಳಲ್ಲಿ ಅದು ತನ್ನಷ್ಟಕ್ಕೆ ಬೆಳೆಯುತ್ತಿರುತ್ತದೆ. ಹಿರಿಯ ಮಗಳು ಜಗದಾಂಬ ತೊಟ್ಟಿಲಲ್ಲಿದ್ದಾಗಿನಿಂದ ಅವಳು ಹಾಕುತ್ತ ಬಂದಿದ್ದಳು. ಸಿರಾದಲ್ಲಿ, ಕೊರಟಗೆರೆಯಲ್ಲಿ, ಅತ್ತ ಬಲಸಮುದ್ರದಲ್ಲಿ, ಕರೆದವರ ಮನೆ ಮದುವೆಯೊಂದನ್ನೂ ತಪ್ಪಿಸಿದವಳಲ್ಲ. ಬಸ್ ಚಾರ್ಜು ಉಳಿಯಲೆಂದು ಒಬ್ಬಳೇ ಹೋಗುವಳು. ಊಟ ಮಾಡಿ, ಮುಯ್ಯಿ ಬರೆಸಿ, ಹೆಸರು ಸರಿಯಾಗಿ ಬರೆದರೇ ಎಂದು ಎರಡು ಸಲ ಕೇಳಿ ಬರುವಳು. ಯಾರ ಮನೆಯಲ್ಲಿ ಎಷ್ಟು ಇದೆ ಎನ್ನುವುದು ಅವಳ ತಲೆಯಲ್ಲೇ ಇರುತ್ತಿತ್ತು. ರಾಗಿ ಬೀಸುವಾಗ ಅದನ್ನು ಪದ ಹೇಳುವಂತೆ ಗೊಣಗುತ್ತಿದ್ದಳು. ಕೇಳಿ ಕೇಳಿ ಗಂಗಿಗೂ ಬಾಯಿಪಾಠವಾಗಿತ್ತು.

ಗಂಗಿಯ ಶಾಲೆ ನಿಂತದ್ದೂ ಮುಯ್ಯಿಯಿಂದಲೇ. ಅವಳು ಏಳನೇ ಕ್ಲಾಸು ಪಾಸಾದ ಬೇಸಿಗೆಯಲ್ಲಿ ಒಂದರ ಹಿಂದೊಂದು ಮದುವೆ ಬಂದು, ಜೂನ್ ಹೊತ್ತಿಗೆ ಹೈಸ್ಕೂಲಿನ ಫೀಸು, ಪುಸ್ತಕ, ಲಂಗ ದಾವಣಿಗೆಂದು ಮನೆಯಲ್ಲಿ ಏನೂ ಉಳಿಯಲಿಲ್ಲ.

"ಈ ಒಂದು ವರ್ಷ ತಡ್ಕ," ಅಂದಿದ್ದಳು ಇಂದ್ರಮ್ಮ. "ಬರೋ ವರ್ಷ ಅಕ್ಕನ ಮದುವೆ ಮಾಡೋದೇಯ. ಮುಯ್ಯಿ ಎಲ್ಲಾ ತಿರುಗಿ ಬತ್ತದೆ. ಅದ್ರಾಗೆ ಮೊದ್ಲು ನಿನ್ ಸ್ಕೂಲಿಂದು ತೆಗೆದಿಡ್ತೀನಿ. ಆಣೆಗೂ."

ಹೈಸ್ಕೂಲಿನ ಹೆಡ್‌ಮಾಸ್ತರರು ಪರ್ವತಯ್ಯನಿಗೆ ಹೇಳಿ ಕಳಿಸಿದ್ದರು. ಹುಡುಗಿ ಲೆಕ್ಕದಲ್ಲಿ ಚುರುಕು, ಒಂದು ವರ್ಷ ಹೋದರೂ ಚಿಂತೆಯಿಲ್ಲ, ಬರುವ ಜೂನ್‌ನಲ್ಲಿ ಎಂಟನೇ ಕ್ಲಾಸಿಗೆ ಸೇರಿಸಿಕೊಳ್ಳುತ್ತೇನೆ, ಅದೂ ತಪ್ಪಿದರೆ ಆಮೇಲೆ ಕೇಳಬೇಡಿ ಎಂದು. ಆ ಜೂನ್ ತಿಂಗಳಿಗಾಗಿ ಗಂಗಿ ಕಾದಳು. ನೀರು ಹೊತ್ತಳು, ಸಿಪ್ಪೆ ಚೀಲ ಹೊತ್ತಳು, ಶಾಲೆಗೆ ಹೋಗುವ ಹುಡುಗಿಯರು ಓಣಿಯಲ್ಲಿ ಹಾಯುವ ಹೊತ್ತಿಗೆ ಒಳಗೆ ಹೋಗಿ ಕಸ ಗುಡಿಸಿದಳು. ಅಕ್ಕನಿಗೆ ಗಂಡು ನೋಡುವ ಮಾತು ಬಂದಾಗಲೆಲ್ಲ ಅವಳಿಗೆ ಅಕ್ಕನಿಗಿಂತ ಹೆಚ್ಚು ಎದೆ ಹೊಡೆದುಕೊಳ್ಳುತ್ತಿತ್ತು.

ಗಂಡು ಸಿಕ್ಕಿತು. ಸಿಕ್ಕಿದ್ದೂ ಎಂಥ ಗಂಡು! ವೈ.ಎನ್.ಹೊಸಕೋಟೆಯಲ್ಲಿ ಮೇಷ್ಟರು, ಮಲ್ಲಿಕಾರ್ಜುನಯ್ಯ ಎಂದು ಹೆಸರು. ಅದು ತುರ್ತು ಪರಿಸ್ಥಿತಿಯ ಕಾಲ. ವರದಕ್ಷಿಣೆ ಕೊಡಬೇಡಿ, ದುಂದು ಮಾಡಬೇಡಿ ಎಂದು ಊರೂರಿನ ಗೋಡೆಗಳ ಮೇಲೆ ಬರೆಸಿದ್ದರು. ಎಲ್ಲರೂ ಅದನ್ನು ಓದಿ ಸುಮ್ಮನಾದರೆ ಈ ಮೇಷ್ಟರು ಓದಿ ನಂಬಿದ್ದರು. ಹೆಣ್ಣು ನೋಡಲು ಬಂದ ದಿನ ಪರ್ವತಯ್ಯ ಕೈ ಹೊಸೆಯುತ್ತ, "ನಮ್ಮ ಯೋಗ್ಯತೆಗೆ ತಕ್ಕಂಗೆ ಏನಾರ..." ಎಂದು ಶುರುಮಾಡಿದ್ದಕ್ಕೆ ಅವರು ಕೈ ಎತ್ತಿ ತಡೆದರು.

"ಒಂದು ಪೈಸೆಯೂ ಬೇಡ. ವಾಚು ಬೇಡ, ಉಂಗುರ ಬೇಡ, ಸೂಟು ಬೇಡ. ಹುಡುಗಿಯನ್ನು ಕೊಡಿ, ಸಾಕು."

ಪಕ್ಕದಲ್ಲಿದ್ದ ಅವರ ತಾಯಿ ಪಾವಗಡದ ಸೀಮೆಯ ತೆಲುಗು ಬೆರೆತ ಮಾತಿನಲ್ಲಿ, "ವೀಡಂತೇ ಅಮ್ಮಾ, ಇವ್ನು ಇಂಗೇನೆ. ಯಾರ್ ಮಾತೂ ಕೇಳಲ್ಲ," ಎಂದು ಸೆರಗಿನಿಂದ ಮುಖ ಒರೆಸಿಕೊಂಡಳು. ಆಕೆಯ ಮುಖದಲ್ಲಿ ಸಂತೋಷವೇನೂ ಗಂಗಿಗೆ ಕಾಣಲಿಲ್ಲ.

ಆವತ್ತು ಇಂದ್ರಮ್ಮ ಬೆಟ್ಟದ ಕಡೆ ತಿರುಗಿ ಕೈ ಮುಗಿದಳು. ಮೇ ತಿಂಗಳ ಲಗ್ನ ಗೊತ್ತಾಯಿತು. ಊಟದ ಖರ್ಚು, ಛತ್ರದ ಬಾಡಿಗೆ ಹೆಣ್ಣಿನ ಕಡೆಯದು, ಲಗ್ನಪತ್ರಿಕೆಯನ್ನು ತಾವೇ ಪಾವಗಡದಲ್ಲಿ ಅಚ್ಚು ಹಾಕಿಸಿ ಕಳಿಸುವುದಾಗಿ ಮೇಷ್ಟರು ಅಂದರು. ಅದೂ ಒಂದು ಉಳಿತಾಯ.

ಇಂದ್ರಮ್ಮ ಬೀಸುವ ಕಲ್ಲಿನ ಮುಂದೆ ಕೂತು ಮತ್ತೆ ಮತ್ತೆ ಲೆಕ್ಕ ಹಾಕಿದಳು. ಹಾಕಿದ್ದು, ಅದರ ಮೇಲೆ ಬರಬೇಕಾದ್ದು ಸೇರಿ ಒಂಬೈನೂರಕ್ಕೆ ಕಡಿಮೆಯಿಲ್ಲ. ಆ ಧೈರ್ಯದ ಮೇಲೆ ಪೇಟೆ ಬೀದಿಯ ಶಂಕರಲಿಂಗಪ್ಪನ ಅಂಗಡಿಯಿಂದ ಅಕ್ಕಿ, ಬೇಳೆ, ಬೆಲ್ಲ, ಎಣ್ಣೆ ಎಲ್ಲ ಉದ್ದರಿ ತಂದಳು. ಜನ್ಮದಲ್ಲಿ ಒಂದು ಬೆಂಕಿಪೊಟ್ಟಣವನ್ನೂ ಉದ್ದರಿ ತಂದವಳಲ್ಲ.

"ಎಷ್ಟಾದ್ರೂ ತಗಂಡ್ ಹೋಗಮ್ಮ," ಎಂದಿದ್ದ ಶಂಕರಲಿಂಗಪ್ಪ, ತಕ್ಕಡಿ ಹಿಡಿದೇ ನಗುತ್ತ. "ನಿನ್ ಮುಯ್ಯಿ ಊರೆಲ್ಲಾ ಐತೆ. ನಮ್ಮನೇಲೇ ಹನ್ನೊಂದು ರೂಪಾಯಿ ಇಲ್ವಾ? ಮದುವೆ ಮಾರನೇ ದಿನ ಲೆಕ್ಕ ಚುಕ್ತಾ ಮಾಡಿದ್ರಾಯ್ತು."

ಐನೂರ ಇಪ್ಪತ್ತು ರೂಪಾಯಿಯ ಸಾಮಾನು ಮನೆಗೆ ಬಂತು. ಅಷ್ಟು ಬೆಲ್ಲ ಒಂದೇ ಸಲ ಆ ಮನೆಯ ಹೊಸಲು ದಾಟಿದ್ದು ಅದೇ ಮೊದಲು. ಓಬಳಮ್ಮ ಬಾಗಿಲಲ್ಲಿ ನಿಂತು ಕೆನ್ನೆಗೆ ಕೈ ಹಚ್ಚಿದಳು. "ಇಂದ್ರಕ್ಕಾ, ಇದೇನು, ಬೆಲ್ಲ ನೋಡಿ ನಿಂಗೆ ತಲೆ ತಿರುಗ್ಲಿಲ್ವಾ?"

"ತಿರುಗ್ತೈತೆ ಕಣೆ. ಮುಯ್ಯಿ ನೆನೆಸ್ಕಂಡು ತಡ್ಕಂಡಿದೀನಿ," ಅಂದಳು ಇಂದ್ರಮ್ಮ. ಅವ್ವ ಅಷ್ಟು ಬಾಯಿ ಬಿಟ್ಟು ನಕ್ಕದ್ದನ್ನು ಗಂಗಿ ನೋಡಿರಲಿಲ್ಲ.

ಲಗ್ನಪತ್ರಿಕೆಯ ಕಟ್ಟು ಪಾವಗಡದ ಬಸ್ಸಿನಲ್ಲಿ ಬಂತು. ಪರ್ವತಯ್ಯ ಮಿಲ್ಲಿನಿಂದ ಬರುತ್ತ ಅದನ್ನು ಹೆಗಲ ಮೇಲೆ ಹೊತ್ತು ತಂದ. ಅರಿಸಿನ ಹಚ್ಚಲು ಕೂತಾಗ, ಓದಿ ಹೇಳು ಎಂದು ಇಂದ್ರಮ್ಮ ಗಂಗಿಯ ಕೈಗೆ ಒಂದನ್ನು ಕೊಟ್ಟಳು. ದೇವರ ಹೆಸರು, ಹಿರಿಯರ ಹೆಸರು, ಮುಹೂರ್ತ ಎಲ್ಲ ಓದಿದ ಮೇಲೆ ಗಂಗಿಯ ದನಿ ತೊದಲಿತು. ಕೆಳಗೆ ದಪ್ಪಕ್ಷರದಲ್ಲಿ ಇನ್ನೊಂದು ಸಾಲು ಇತ್ತು.

"ಓದೇ. ಯಾಕ್ ನಿಲ್ಲಿಸ್ದೆ?"

"ಉಡುಗೊರೆ ಹಾಗೂ ಮುಯ್ಯಿಯನ್ನು ಸ್ವೀಕರಿಸುವುದಿಲ್ಲ. ತಮ್ಮ ಆಶೀರ್ವಾದವೇ ನಮಗೆ ಉಡುಗೊರೆ."

ಇಂದ್ರಮ್ಮ ಅರಿಸಿನದ ಬೆರಳನ್ನು ಹಾಗೆಯೇ ಹಿಡಿದು ಕೂತಳು. "ಅಂಗಂದ್ರೆ?"

"ಯಾರೂ ಮುಯ್ಯಿ ಹಾಕಂಗಿಲ್ಲ ಅಂತ, ಅವ್ವ."

"ಅವ್ರ ಕಡೇವ್ರು ತಾನೆ?"

ಪರ್ವತಯ್ಯ ಗೋಡೆಗೆ ಒರಗಿದ್ದವನು ಮೆಲ್ಲಗೆ, "ಪತ್ರಿಕೆ ಎರಡೂ ಕಡೆಗೂ ಒಂದೇ ಅಲ್ವೇನೇ," ಅಂದ.

ಹೋಗಿ ಅಳಿಯನಿಗೆ ಹೇಳಿ ಬನ್ನಿ ಎಂದು ಇಂದ್ರಮ್ಮ ಗಂಡನನ್ನು ಎಬ್ಬಿಸಿದಳು. ಪರ್ವತಯ್ಯ ಏಳಲಿಲ್ಲ. "ಏನಂತ ಹೇಳ್ಲಿ? ಅವ್ರು ಒಂದು ವಾಚೂ ಬ್ಯಾಡ ಅಂದವ್ರು. ನಾನು ಹೋಗಿ ನಮ್ಗೆ ದುಡ್ಡು ಬೇಕು ಅನ್ಲಾ? ಭಿಕ್ಷೆ ಬೇಡ್ದಂಗಾಗಲ್ವಾ?"

"ಯಾವ್ ಭಿಕ್ಷೆ? ಇಪ್ಪತ್ತು ವರ್ಷದಿಂದ ನಾನು ಕೊಟ್ಟಿರೋದು!"

"ಅದು ನಿಂಗೂ ನಂಗೂ ಗೊತ್ತು. ಅವ್ರಿಗೆಂಗೆ ತಿಳಿಯತ್ತೆ?"

ಅಡಿಗೆ ಕೋಣೆಯಿಂದ ಜಗದಾಂಬ ಬಂದಳು. ಗಂಡು ಗೊತ್ತಾದ ಮೇಲೆ ಅವಳ ನಡಿಗೆಯೇ ಬದಲಾಗಿತ್ತು. "ಅವ್ವ, ಅವ್ರು ಆದರ್ಶದೋರು. ನೀನು ಮುಯ್ಯಿ ಮುಯ್ಯಿ ಅಂತ ಅವ್ರ ಮಾನ ಕಳೀಬ್ಯಾಡ," ಎಂದಳು.

ಇಂದ್ರಮ್ಮ ಹಿರಿಯ ಮಗಳ ಮುಖ ನೋಡಿದಳು. ಆಮೇಲೆ ಗೂಡಿನಿಂದ ಕತ್ತರಿ ತೆಗೆದು ಗಂಗಿಯ ಮುಂದೆ ಹಾಕಿದಳು.

"ನಮ್ಮ ಕಡೇವ್ರಿಗೆ ಹಂಚೋದ್ರಾಗೆ ಆ ಸಾಲು ಕತ್ತರ್ಸು. ಹೂವಿನ ಅಂಚು ಉಳ್ಕಬೇಕು, ನೋಡ್ಕ."

ಹೂವಿನ ಅಂಚು ಉಳಿಯುವಂತಿರಲಿಲ್ಲ, ಸಾಲು ಅಂಚಿಗೆ ಅಂಟಿಕೊಂಡಿತ್ತು. ಗಂಗಿ ಬಾಗಿಲ ಬೆಳಕಿಗೆ ಕೂತು ಒಂದೊಂದನ್ನೇ ಕತ್ತರಿಸಿದಳು. ಪ್ರತಿ ಪತ್ರಿಕೆಯೂ ಬಾಲ ಕಡಿದಂತೆ ಗಿಡ್ಡಗಾಯಿತು. ಕತ್ತರಿಸುವಾಗ ಅವಳಿಗೆ ಭಯವೇನೂ ಆಗಲಿಲ್ಲ. ಒಂದೊಂದು ತುಂಡು ಉದುರಿದಾಗಲೂ ಎಂಟನೇ ಕ್ಲಾಸಿನ ಬಾಗಿಲು ಒಂದು ಬೆರಳಗಲ ತೆರೆದಂತೆ ಅನ್ನಿಸುತ್ತಿತ್ತು.

ಪತ್ರಿಕೆ ಕೊಟ್ಟಲ್ಲೆಲ್ಲ ಜನ ತಿರುಗಿಸಿ ಮುರುಗಿಸಿ ನೋಡಿದರು. "ಕಾಗದದಾಗೂ ಉಳಿತಾಯ ಮಾಡ್ಬುಟ್ಟಳಲ್ಲಪ್ಪ ಇಂದ್ರಮ್ಮ!" ಎಂದು ಶಂಕರಲಿಂಗಪ್ಪ ಅಂಗಡಿಯಲ್ಲಿ ನಾಲ್ಕು ಜನಕ್ಕೆ ತೋರಿಸಿ ನಕ್ಕನಂತೆ. ನಗಲಿ ಬಿಡು ಅಂದಳು ಇಂದ್ರಮ್ಮ.

ಮದುವೆಯ ದಿನ ಛತ್ರ ತುಂಬಿತು. ಮೇಷ್ಟರ ಸ್ನೇಹಿತರು ಒಂದು ಮೈಕು ತಂದು ಸರಳ ವಿವಾಹದ ಮೇಲೆ ಭಾಷಣ ಮಾಡಿದರು. ಧಾರೆ ಮುಗಿಯಿತು. ಬಾಗಿಲ ಪಕ್ಕದ ಕಂಬದ ಹತ್ತಿರ ಚಾಪೆ ಹಾಸಿ, ಹಿತ್ತಾಳೆ ತಟ್ಟೆ ಇಟ್ಟುಕೊಂಡು ಇಂದ್ರಮ್ಮನ ತಮ್ಮ ಅಡವಯ್ಯ ಕೂತ. ಕೊರಟಗೆರೆಯಿಂದ ಇದಕ್ಕೆಂದೇ ಎರಡು ದಿನ ಮುಂಚೆ ಬಂದಿದ್ದ. ಪಕ್ಕದಲ್ಲಿ ಹೆಸರು ಬರೆಯಲು ಗಂಗಿ. ಇಂದ್ರಮ್ಮ ಅಡಿಗೆ ಮನೆಯ ಬಾಗಿಲಲ್ಲಿ ಸೌಟು ಹಿಡಿದು ನಿಂತಳು. ಅವಳ ಕಿವಿ ಇತ್ತಲೇ ಇತ್ತು.

ಮೊದಲು ಓಬಳಮ್ಮ ಬಂದು ಸೆರಗಿನ ಗಂಟು ಬಿಚ್ಚಿದಳು. "ತಗಳ್ಳಪ್ಪ ಅಡವಯ್ಯ, ಆರು ರೂಪಾಯಿ. ನಿಮ್ಮಕ್ಕ ಐದು ಹಾಕಿದ್ಲು. ನನ್ ಕೆಂಡದ ಲೆಕ್ಕ ಬೇರೆ."

"ಓಬಳಮ್ಮನೋರು, ಆರು ರೂಪಾಯಿ!" ಅಡವಯ್ಯನ ದನಿ ಛತ್ರಕ್ಕೆಲ್ಲ ಕೇಳಿಸಿತು.

ಎರಡನೆಯವನು ಸಿರಾದ ದೊಡ್ಡರಂಗಪ್ಪ, ಪರ್ವತಯ್ಯನ ಹಳೆಯ ಗೆಳೆಯ. "ಸಿರಾ ದೊಡ್ಡರಂಗಪ್ಪನೋರು, ಹನ್ನೆರಡು ರೂಪಾಯಿ!" ಅವನ ಹಿಂದೆ ಸಾಲು ಬೆಳೆಯಿತು. ಸಾಲಿನಲ್ಲಿ ಮೂರನೆಯವನಾಗಿ ಶಂಕರಲಿಂಗಪ್ಪ ನಿಂತಿದ್ದ, ಮಡಿಸಿದ ನೋಟು ಬೆರಳ ಸಂದಿಯಲ್ಲಿತ್ತು. ಅಡಿಗೆ ಮನೆಯ ಬಾಗಿಲಲ್ಲಿ ಅವ್ವನ ತುಟಿ ಅಲುಗುವುದನ್ನು ಗಂಗಿ ನೋಡಿದಳು. ಆರು, ಹನ್ನೆರಡು, ಹದಿನೆಂಟು.

ಆಗ ಮೈಕು ಕೊಂಯ್ ಎಂದು ಕಿರುಚಿತು. ಹಸೆಮಣೆಯ ಮೇಲಿದ್ದ ಮದುಮಗನೇ ಎದ್ದು ಬಾಸಿಂಗವನ್ನು ಸರಿಸಿಕೊಂಡು ಮೈಕಿನ ಮುಂದೆ ನಿಂತಿದ್ದರು.

"ಮಾನ್ಯರೇ, ಒಂದು ನಿಮಿಷ. ಇಲ್ಲಿ ಮುಯ್ಯಿ ಬರೆಸುತ್ತಿರುವುದನ್ನು ನೋಡಿ ನನಗೆ ಆಶ್ಚರ್ಯವಾಯಿತು. ಪತ್ರಿಕೆಯಲ್ಲಿ ಬೇಡವೆಂದು ಹಾಕಿಸಿದ್ದೇನೆ. ನೀವು ಪ್ರೀತಿಯಿಂದ ತಂದಿದ್ದೀರಿ, ಸರಿ. ಆದರೆ ಬಡವರು ಸಾಲ ಮಾಡಿ ಮುಯ್ಯಿ ಹಾಕುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ವರದಕ್ಷಿಣೆ ಹೇಗೆ ಪಿಡುಗೋ ಇದೂ ಹಾಗೆಯೇ. ಇದು ನನ್ನಿಂದ ನಿಲ್ಲಲಿ. ಯಾರೂ ಒಂದು ಪೈಸೆ ಕೊಡಕೂಡದು. ಕೊಟ್ಟವರು ದಯವಿಟ್ಟು ಹಿಂದಕ್ಕೆ ತೆಗೆದುಕೊಳ್ಳಿ."

ಮೇಷ್ಟರ ಸ್ನೇಹಿತರು ಚಪ್ಪಾಳೆ ತಟ್ಟಿದರು. ಒಬ್ಬರನ್ನು ನೋಡಿ ಇನ್ನೊಬ್ಬರು ತಟ್ಟಿದರು. ಕಡೆಗೆ ಛತ್ರವೆಲ್ಲ ತಟ್ಟಿತು. ಸಾಲಿನಲ್ಲಿದ್ದವರು ಮುಖ ಮುಖ ನೋಡಿಕೊಂಡರು. ಶಂಕರಲಿಂಗಪ್ಪನ ಕೈ ಜೇಬಿಗೆ ಹೋಗಿ ಬರಿದಾಗಿ ಬಂದದ್ದನ್ನು ಗಂಗಿ ಕಂಡಳು. ಅವನ ಮುಖ ಮೊದಲು ಹಗುರವಾಯಿತು. ಆಮೇಲೆ, ಯಾರಾದರೂ ನೋಡಿಯಾರೆಂದು, ಬೇಜಾರಾದಂತೆ ಆಯಿತು. ದೊಡ್ಡರಂಗಪ್ಪ ಮಾತ್ರ, "ಎಲ್ಲಾದ್ರೂ ಉಂಟಾ? ತಿಂದ ಮುಯ್ಯಿ ತಿರುಗಿಸ್ಬೇಕು," ಎಂದು ತಕರಾರು ತೆಗೆದ. ಮದುಮಗನೇ ಮಂಟಪದಿಂದ ಇಳಿದು ಬಂದು, ತಟ್ಟೆಯಿಂದ ನೋಟು ಎತ್ತಿ, ಅವನ ಅಂಗೈಯಲ್ಲಿಟ್ಟು ಮುಚ್ಚಿ, ಕೈ ಮುಗಿದರು. ಮತ್ತೆ ಚಪ್ಪಾಳೆಯಾಯಿತು.

ಗಂಗಿ ಅವ್ವನ ಕಡೆ ನೋಡಿದಳು. ಇಂದ್ರಮ್ಮ ಸೌಟು ಹಿಡಿದೇ ಎರಡು ಹೆಜ್ಜೆ ಮುಂದೆ ಬಂದಿದ್ದಳು. ಬಾಯಿ ತೆರೆದಿತ್ತು. ಮಂಟಪದ ಮೇಲಿಂದ ಜಗದಾಂಬ, ಹಣೆಯ ಬಾಸಿಂಗ ಅಲುಗುವಂತೆ, ಬೇಡ ಬೇಡವೆಂದು ತಲೆ ಆಡಿಸುತ್ತಿದ್ದಳು. ಇಂದ್ರಮ್ಮ ತೆರೆದ ಬಾಯನ್ನು ಮುಚ್ಚಿಕೊಂಡಳು. ಹಿಂದಕ್ಕೆ ತಿರುಗಿ ಅಡಿಗೆಯವರಿಗೆ, "ಸಾರಿಗೆ ಉಪ್ಪು ನೋಡಿದ್ರಾ?" ಎಂದು ಕೇಳಿದಳು.

ಜನ ಹೊಟ್ಟೆ ತುಂಬ ಉಂಡರು. ಎಂಥ ಅಳಿಯನನ್ನು ಹುಡುಕಿದೆಯಮ್ಮ ಎಂದು ಕೈ ಬಾಯಿ ತೊಳೆದು ಹೋದರು. ಖಾಲಿ ತಟ್ಟೆಯನ್ನು ಅಡವಯ್ಯ ಅಡಿಗೆ ಮನೆಗೆ ಕೊಟ್ಟ. ಅದರಲ್ಲಿ ಎಲೆ ಅಡಿಕೆ ಇಟ್ಟು ಹಂಚಿದರು.

ಮಾರನೇ ದಿನ ಹೆಣ್ಣು ಗಂಡನ್ನು ಕಳಿಸಿ ಮನೆಗೆ ಬರುವಷ್ಟರಲ್ಲಿ ಶಂಕರಲಿಂಗಪ್ಪ ಜಗುಲಿಯ ಮೇಲೆ ಕೂತಿದ್ದ.

"ನಾನು ಹಾಕ್ಬೇಕು ಅಂತ್ಲೇ ಬಂದಿದ್ದೆ ಕಣಮ್ಮ, ನೀನೇ ನೋಡಿದ್ಯಲ್ಲ. ಅಳಿಯಂದ್ರು ದ್ಯಾವ್ರಂಥೋರು, ಬ್ಯಾಡ ಅಂದ್ಬುಟ್ರು. ಅಷ್ಟು ಜನದ ಮುಂದೆ ಅವ್ರ ಮಾತು ಮೀರಾಕಾಯ್ತದಾ?"

"ಅಂಗಾದ್ರೆ ಆ ಹನ್ನೆರಡು ರೂಪಾಯ್ನ ನಿಮ್ಮ ಬಾಕಿಯಾಗೆ ಮುರ್ಕಳಿ," ಅಂದಳು ಇಂದ್ರಮ್ಮ.

ಶಂಕರಲಿಂಗಪ್ಪ ತೊಡೆ ತಟ್ಟಿ ನಕ್ಕ. "ಎಲ್ಲೀದೋ ಎಲ್ಲಿಗೋ ಗಂಟು ಹಾಕ್ತೀಯಲ್ಲಮ್ಮ! ಮುಯ್ಯಿ ಬ್ಯಾರೆ, ಯಾಪಾರ ಬ್ಯಾರೆ." ನಗು ಮುಗಿಸಿ ಬಾಗಿಲಲ್ಲಿ ನಿಂತಿದ್ದ ಗಂಗಿಯ ಕಡೆ ಗದ್ದ ಎತ್ತಿ ತೋರಿಸಿದ. "ಇನ್ನೊಬ್ಳು ಇದಾಳಲ್ಲ, ಎಲ್ಲೋಯ್ತದೆ? ಇವ್ಳ ಮದುವೇಲಿ ಎರಡರಷ್ಟು ಹಾಕ್ತೀನಿ. ಈಗ ನನ್ ಸಾಮಾನಿನ ದುಡ್ಡಿಗೆ ದಾರಿ ಹೇಳು."

ಆ ವಾರವೆಲ್ಲ ಎದುರಾದವರು ಇದೇ ಮಾತಾಡಿದರು. ಕೊಡಲು ಬಂದಿದ್ದೆವು, ನಿಮ್ಮ ಅಳಿಯನೇ ಬೇಡವೆಂದರು, ಇನ್ನೊಬ್ಬಳಿದ್ದಾಳಲ್ಲ. ಕೆಲವರು ಇನ್ನೊಬ್ಬಳ ಮಾತನ್ನೂ ಎತ್ತಲಿಲ್ಲ. ಬೇಡವೆಂದ ಮೇಲೆ ತೀರಿತು ಎಂದುಕೊಂಡರು. ಓಬಳಮ್ಮ ಒಬ್ಬಳು ಕತ್ತಲಾದ ಮೇಲೆ ಬಂದು ಆರು ರೂಪಾಯಿಯನ್ನು ಇಂದ್ರಮ್ಮನ ಮಡಿಲಿಗೆ ಹಾಕಿದಳು. "ಯಾರ್ಗೂ ಹೇಳ್ಬ್ಯಾಡ. ಮೇಷ್ಟ್ರಿಗೆ ತಿಳಿದ್ರೆ ಮೈಕು ತಗಂಡು ನಮ್ಮನೇತಾಕೂ ಬಂದಾರು," ಎಂದಳು. ಇಂದ್ರಮ್ಮ ನಗಲಿಲ್ಲ.

ಶಂಕರಲಿಂಗಪ್ಪನಿಗೆ ತಿಂಗಳಿಗೆ ನಲವತ್ತರಂತೆ ಎಂದು ಒಪ್ಪಂದವಾಯಿತು. ಸಂಬಳದಲ್ಲಿ ನಲವತ್ತು ತೆಗೆದರೆ ಬಾಡಿಗೆ ಕೊಟ್ಟು ರಾಗಿ ತಿನ್ನುವುದಕ್ಕೂ ಆಗದು. ಇಂದ್ರಮ್ಮ ಎಷ್ಟು ಹಿಂಡಿದರೂ ಅದರಲ್ಲಿ ಇನ್ನೇನೂ ಇಳಿಯಲಿಲ್ಲ. ಬಿತ್ತನೆ ಕಾಲ ಹತ್ತಿರವಾಗಿತ್ತು. ಮಿಲ್ಲಿನಲ್ಲಿ ಬಿತ್ತನೆಯ ಕಡಲೆಬೀಜ ಆರಿಸಲು ಹೆಣ್ಣಾಳು ಬೇಕಾಗಿದ್ದರು, ದಿನಕ್ಕೆ ಎರಡು ರೂಪಾಯಿ. ಪರ್ವತಯ್ಯ ಈ ಸುದ್ದಿಯನ್ನು ತಟ್ಟೆಯ ಮೇಲೆ ತಲೆ ಬಗ್ಗಿಸಿಕೊಂಡು ಹೇಳಿದ, ಯಾರ ಹೆಸರನ್ನೂ ಎತ್ತಲಿಲ್ಲ.

ಹೈಸ್ಕೂಲು ತೆರೆಯುವ ಹಿಂದಿನ ದಿನ ಗಂಗಿ ಅವ್ವನ ಹತ್ತಿರ ಹೋಗಿ ನಿಂತಳು. ಇಂದ್ರಮ್ಮ ಮೊರದಲ್ಲಿ ರಾಗಿ ಕೇರುತ್ತಿದ್ದಳು.

"ಅವ್ವ, ನಾಳೆ ಹೆಡ್‌ಮಾಸ್ತರು..."

"ಗೊತ್ತು."

"ಈ ಜೂನ್ ಬಿಟ್ರೆ ಸೇರಿಸ್ಕಳಲ್ಲ ಅಂದವ್ರೆ."

ಮೊರ ನಿಂತಿತು. "ನಿಂಗೊಬ್ಳಿಗೇ ಹೋಯ್ತೇನೇ? ಇಪ್ಪತ್ತು ವರ್ಷ ನಾನು ಬಾಯಿಗೊಂದು ಚೂರು ಬೆಲ್ಲ ಹಾಕ್ಕಳ್ದೆ ಹಾಕಿದ್ದು! ಹಬ್ಬಕ್ಕೊಂದು ಹೊಸ ರವಿಕೆ ಹೊಲಿಸ್ಕಳ್ಳಿಲ್ಲ. ನಾನ್ ಯಾರ್ನ ಕೇಳ್ಲಿ? ಯಾರ್ನ ಕೇಳ್ಲಿ ಹೇಳು!" ಕೂಗಿದ ದನಿ ಓಣಿಯ ಆಚೆಗೆ ಕೇಳಿಸಿರಬೇಕು. ಓಬಳಮ್ಮನ ಮನೆಯಲ್ಲಿ ಪಾತ್ರೆಯ ಸದ್ದು ಒಮ್ಮೆಲೇ ನಿಂತಿತು. ಇಂದ್ರಮ್ಮ ದನಿ ತಗ್ಗಿಸಿದಳು. ಮೊರದಲ್ಲಿದ್ದ ಕಲ್ಲನ್ನು ಹೆಕ್ಕಿ ಹೊರಗೆಸೆದು ಮಗಳ ಮುಖ ನೋಡದೆ ಅಂದಳು: "ಎಲ್ಲೂ ಹೋಗಿಲ್ಲ ಬುಡು. ಎಲ್ಲಾರ ಮನೇಲೂ ಅಂಗೇ ಐತೆ. ಇನ್ನೆರಡು ವರ್ಷ ಮಿಲ್ಲಿಗೆ ಹೋಗು. ನಿನ್ಮದುವೇಲಿ ಎಲ್ಲಾ ಬತ್ತದೆ. ಓದಿರೋ ಗಂಡು ಮಾತ್ರ ತರಾಕಿಲ್ಲ ನಾನು."

ಮರುದಿನ ಗಂಗಿ ಅಪ್ಪನ ಹಿಂದೆ ಮಿಲ್ಲಿಗೆ ನಡೆದಳು. ಅದೇ ವಾರ ಕೊರಟಗೆರೆಯಲ್ಲೊಂದು ಮದುವೆ ಬಂತು. ಗಂಗಿಯ ಮೊದಲ ಕೂಲಿಯಲ್ಲಿ ಐದು ರೂಪಾಯಿ ಎತ್ತಿಕೊಂಡು ಇಂದ್ರಮ್ಮ ಬಸ್ಸು ಹತ್ತಿದಳು. ಈಗ ಕೈ ಬಿಟ್ಟರೆ ಇವಳ ಮದುವೆಗೆ ಹಾಕುವವರು ಯಾರು ಎಂದಳು.

ಆಷಾಢಕ್ಕೆ ಜಗದಾಂಬಳನ್ನು ತೌರಿಗೆ ಬಿಡಲು ಮಲ್ಲಿಕಾರ್ಜುನಯ್ಯ ಬಂದರು. ಅಳಿಯನಿಗೆಂದು ಚಾಪೆಯ ಮೇಲೆ ಜಮಖಾನ ಹಾಸಿದ್ದರು, ಸಕ್ಕರೆ ತಂದಿದ್ದರು. ಮಧ್ಯಾಹ್ನದ ಊಟಕ್ಕೆಂದು ಮಿಲ್ಲಿನಿಂದ ಓಡಿ ಬಂದ ಗಂಗಿ ಬಾಗಿಲಲ್ಲೇ ನಿಂತಳು. ತಲೆಯ ಮೇಲೆ ಧೂಳು, ಬೀಜದ ಸಿಪ್ಪೆಯಿಂದ ಉಗುರಿನ ಸಂದಿಯೆಲ್ಲ ಕೆಂಪು.

"ಇದೇನು ಮಾವ?" ಮೇಷ್ಟರು ಲೋಟ ಕೆಳಗಿಟ್ಟರು. ಅವರಿಗೆ ನಿಜವಾಗಿಯೂ ನೋವಾಗಿತ್ತು, ಅದು ಮುಖದಲ್ಲಿ ಕಾಣುತ್ತಿತ್ತು. "ಈ ಮಗುವನ್ನು ಕೂಲಿಗೆ ಕಳಿಸುತ್ತಿದ್ದೀರಾ? ಓದುವುದರಲ್ಲಿ ಚುರುಕು ಎಂದು ಜಗದಾಂಬ ಹೇಳುತ್ತಿದ್ದಳು."

ಪರ್ವತಯ್ಯ ಎಲೆಗೆ ಸುಣ್ಣ ಹಚ್ಚುತ್ತ, "ಏನೋ, ಕಷ್ಟ," ಎಂದ.

"ಎಲ್ಲರಿಗೂ ಕಷ್ಟವೇ. ಆದರೆ ನಾನು ನಿಮಗೆ ಹೊರೆಯಾಗಬಾರದೆಂದೇ ವರದಕ್ಷಿಣೆ ಬೇಡವೆಂದೆ. ಮದುವೆಯನ್ನೂ ಸರಳವಾಗಿ ಮಾಡಿದೆವು. ಆ ಉಳಿದ ದುಡ್ಡಿನಲ್ಲಿ ಇವಳನ್ನು ಓದಿಸಬಹುದಿತ್ತಲ್ಲ. ಇಷ್ಟೆಲ್ಲ ಜುಗ್ಗತನ ಮಾಡಿ ಕೂಡಿಟ್ಟು ಏನು ಮಾಡುತ್ತೀರಿ?"

ಇಂದ್ರಮ್ಮ ಒಲೆಯ ಮುಂದೆ ಬೆನ್ನು ಮಾಡಿ ಕೂತಿದ್ದಳು. ಗಂಗಿ ಅಪ್ಪನನ್ನು ನೋಡಿದಳು, ಅಕ್ಕನನ್ನು ನೋಡಿದಳು. ಅವರು ಯಾರಾದರೂ ಹೇಳಿದ್ದರೆ ಅವಳು ಬಾಯಿ ತೆರೆಯುತ್ತಿರಲಿಲ್ಲ.

"ಭಾವ," ಅಂದಳು. ಅವಳ ದನಿ ಅವಳಿಗೇ ಬೇರೆ ಯಾರದೋ ಅನ್ನಿಸಿತು. "ನೀವು ಬ್ಯಾಡ ಅಂದದ್ದು ನಿಮ್ಮ ದುಡ್ಡಲ್ಲ. ನಮ್ಮವ್ವಂದು. ಇಪ್ಪತ್ತು ವರ್ಷದಿಂದ ಊರೆಲ್ಲಾ ಹಾಕಿದ್ದು ಆವತ್ತು ತಿರುಗಿ ಬರೋದಿತ್ತು. ಅದ್ರಾಗೇ ನನ್ ಸ್ಕೂಲಿತ್ತು."

ಒಂದು ಗಳಿಗೆ ಮೇಷ್ಟರ ಮುಖ ಏನೋ ಹುಡುಕುವಂತಾಯಿತು. ಅವರಿಗೆ ಅರ್ಥವಾಯಿತು ಎಂದೇ ಗಂಗಿ ಅಂದುಕೊಂಡಳು. ಆಮೇಲೆ ಅವರು ಮೆಲ್ಲಗೆ ತಲೆ ಆಡಿಸಿ ಹೆಂಡತಿಯ ಕಡೆ ತಿರುಗಿದರು.

"ನೋಡಿದೆಯಾ ಜಗದಾಂಬ? ಶಾಲೆ ಬಿಡಿಸಿದರೆ ಮಕ್ಕಳು ಹೀಗಾಗುತ್ತಾರೆ. ಕೊಟ್ಟಿದ್ದೆಷ್ಟು, ಬಂದಿದ್ದೆಷ್ಟು. ಅದರಾಚೆಗೆ ಏನೂ ಕಾಣಿಸುವುದಿಲ್ಲ ಇವಕ್ಕೆ."

ಜಗದಾಂಬ ಕೈಬಳೆ ತಿರುಗಿಸುತ್ತ ಕೂತಳು.

"ದೊಡ್ಡೋರ ಎದುರು ಬಾಯಿ ಬಿಡ್ತೀಯೇನೇ," ಎಂದಳು ಇಂದ್ರಮ್ಮ, ಒಲೆಯ ಕಡೆಯಿಂದ ತಿರುಗದೆಯೇ. ಅದರಲ್ಲಿ ಸಿಟ್ಟು ಇರಲಿಲ್ಲ, ಏನೂ ಇರಲಿಲ್ಲ. "ಎರಡು ತುತ್ತು ಉಂಡು ನಡಿ. ತಡವಾದ್ರೆ ಮೇಸ್ತ್ರಿ ಅರ್ಧ ದಿನದ ಕೂಲಿ ಮುರ್ಕತಾನೆ."

ಗಂಗಿ ಉಣ್ಣಲಿಲ್ಲ. ತಲೆಗೆ ಬಟ್ಟೆ ಬಿಗಿದುಕೊಂಡು ಹೊಸಲು ದಾಟಿದಳು. ಬಿಸಿಲಿಗೆ ಇಳಿದಾಗ ಹಿಂದಿನಿಂದ ಅವ್ವನ ದನಿ ಕೇಳಿಸಿತು.

"ಇನ್ನರ್ಧ ಲೋಟ ಕಾಪಿ ತಗಳಿ ಅಳಿಯಂದ್ರೇ. ಸಕ್ಕರೆ ಸರ್ಯಾಗೈತಾ?"